ಊರು ಬಿಡದೆ ದೆವ್ವದ ಸಿನಿಮಾ: ರೊಮೆರೋ ಮಾಡಿದ್ದು ಹಾಸನದಲ್ಲಿ ಆಗುತ್ತಾ?

ಹಿನ್ನೀರು_ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಕಾಫಿ ಇಟ್ಕೊಂಡು ಓದಿ.

ನನ್ನ ಕಸುಬು ಮದುವೆ ವಿಡಿಯೋ. ಸೀಸನ್‌ನಲ್ಲಿ ಹಾಸನ, ಆಲೂರು, ಬೇಲೂರು ಅಂತ ಛತ್ರ ಛತ್ರ ಸುತ್ತೋದು, ಆಷಾಢದಲ್ಲಿ ಕೆಲಸ ಇಲ್ಲದಾಗ ಹುಡುಗರನ್ನ ಕಟ್ಕೊಂಡು ಕಿರುಚಿತ್ರ ಮಾಡೋದು. ಇಲ್ಲಿವರೆಗೆ ಮೂರಾಗಿವೆ, ಮೂರೂ ದೆವ್ವದ್ದೇ. ಈಗ ಒಂದೂವರೆ ಗಂಟೆ ಸಿನಿಮಾ ಮಾಡ್ಬೇಕು ಅಂತ ತಲೆಗೆ ಹುಳ ಬಿಟ್ಕೊಂಡು ಕೂತಿದೀನಿ. ಯಾರನ್ನ ಕೇಳಿದ್ರೂ ಒಂದೇ ಮಾತು: "ಗಾಂಧಿನಗರಕ್ಕೆ ಹೋಗು, ಯಾರ ಹತ್ರಾನಾದ್ರೂ ಐದು ವರ್ಷ ಚಪ್ಪಲಿ ಸವೆಸು, ಆಮೇಲೆ ನೋಡೋಣ."

ಇದನ್ನೇ ಕೇಳಿ ಕೇಳಿ ಸಾಕಾಗಿ ಅಮೆರಿಕದ ದೆವ್ವದ ಸಿನಿಮಾ ನಿರ್ದೇಶಕ ಜಾರ್ಜ್ ರೊಮೆರೋ ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದಿದೆ. ಆಸಾಮಿ ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ಓದೋಕೆ ಪಿಟ್ಸ್‌ಬರ್ಗ್‌ಗೆ ಬಂದ, ಅಲ್ಲೇ ಬೇರು ಬಿಟ್ಟ. ಅದು ಉಕ್ಕಿನ ಕಾರ್ಖಾನೆಗಳ ಊರು, ಹಾಲಿವುಡ್ ಅಲ್ಲಿಂದ ಎರಡು ಸಾವಿರ ಮೈಲಿಗೂ ಆಚೆ. ಗೆಳೆಯರ ಜೊತೆ ಚಿಕ್ಕ ಕಂಪನಿ ಮಾಡ್ಕೊಂಡು ಬಿಯರ್ ಜಾಹೀರಾತು, ಕಾರ್ಖಾನೆಗಳ ಪ್ರಚಾರದ ಚಿತ್ರ ತೆಗೀತಿದ್ದ. ಮಕ್ಕಳ ಟಿವಿ ಕಾರ್ಯಕ್ರಮವೊಂದಕ್ಕೆ ಟಾನ್ಸಿಲ್ ಆಪರೇಷನ್ ಬಗ್ಗೆ ಒಂದು ತುಣುಕನ್ನೂ ಮಾಡಿದ್ದ. ನಾನು ತೆಗೆದದ್ದರಲ್ಲಿ ಅತಿ ಭಯಂಕರ ಅದೇ ಅಂತ ಆಮೇಲೆ ನಗ್ತಿದ್ದನಂತೆ. ಒಟ್ಟಿನಲ್ಲಿ ನನ್ನ ಥರಾನೇ ಊರವರ ಕೆಲಸ ಮಾಡಿ ಕೈ ಪಳಗಿಸಿಕೊಂಡವನು.

1967ರಲ್ಲಿ ಹೆಣಗಳು ಎದ್ದು ನಡೆಯೋ ಒಂದು ಸಿನಿಮಾಗೆ ಹತ್ತು ಜನ ಸೇರಿ ತಲಾ 600 ಡಾಲರ್ ಹಾಕಿದ್ರು, ನಾವು ಚೀಟಿ ಹಾಕಿದ ಹಾಗೆ. ಕಂಪನಿ ಹೆಸರೇ 'ಇಮೇಜ್ ಟೆನ್'. ಆ ಆರು ಸಾವಿರದಲ್ಲಿ ಶುರು ಮಾಡಿ, ತೆಗೆದಷ್ಟನ್ನ ತೋರಿಸಿ ಇನ್ನಷ್ಟು ದುಡ್ಡು ಎತ್ತಿ, ಕೊನೆಗೆ ಆದ ಖರ್ಚು ಸುಮಾರು 1,14,000 ಡಾಲರ್. ಆಗ ಡಾಲರ್‌ಗೆ ಏಳೂವರೆ ರೂಪಾಯಿ, ಅಂದ್ರೆ ಎಂಟೂವರೆ ಲಕ್ಷ. ಊರಾಚೆ ಕೆಡವೋಕೆ ಬಿಟ್ಟಿದ್ದ ಒಂದು ತೋಟದ ಮನೆ ಹಿಡಿದ್ರು. ಆ ಮನೆ ನೆಲಮಾಳಿಗೆ ಸರಿ ಇರಲಿಲ್ಲ, ಅದಕ್ಕೆ ತಮ್ಮ ಆಫೀಸಿನ ನೆಲಮಾಳಿಗೇಲಿ ಆ ದೃಶ್ಯ ತೆಗೆದ್ರು. ದುಡ್ಡು ಹಾಕಿದವರೇ ಹೆಣ ಆಗಿ ನಡೆದ್ರು, ಅಕ್ಕಪಕ್ಕದ ಊರವರೂ ನಡೆದ್ರು. ಕಪ್ಪು ಬಿಳುಪು ಆದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯ್ತು. ಸಂಗೀತ ಲೈಬ್ರರಿಯಿಂದ ತಂದದ್ದು. 1968ರ ಅಕ್ಟೋಬರ್ 1ಕ್ಕೆ ಪಿಟ್ಸ್‌ಬರ್ಗ್‌ನಲ್ಲೇ ಮೊದಲ ಪ್ರದರ್ಶನ. 'ನೈಟ್ ಆಫ್ ದ ಲಿವಿಂಗ್ ಡೆಡ್'. ಇವತ್ತು ಜಗತ್ತಲ್ಲಿ ಯಾರು ಜೋಂಬಿ (ಎದ್ದು ನಡೆಯೋ ಹೆಣ) ಸಿನಿಮಾ ಮಾಡಿದ್ರೂ ಆ ಚಿತ್ರದ ಋಣ ಇದೆ, ಆದ್ರೆ ಆ ಸಿನಿಮಾದೊಳಗೆ ಜೋಂಬಿ ಅನ್ನೋ ಪದವೇ ಇಲ್ಲ!

ನನ್ನ ಪ್ರಶ್ನೆ ಇಷ್ಟೇ. ಊರಲ್ಲೇ ಕೂತು, ಊರವರನ್ನೇ ಇಟ್ಕೊಂಡು, ನಮ್ಮ ಕಡೆ ಒಂದು ಸಿನಿಮಾ ಅಲ್ಲ, ಒಂದು ಜೀವಮಾನದ ಕೆಲಸ ಮಾಡೋಕಾಗುತ್ತಾ? ಸಣ್ಣ ಬೇಡಿಕೆನೂ ಇದೆ: ಹಳೇ ಹೆಂಚಿನ ಮನೆ, ಅಟ್ಟ ಇರೋದು, ಇಪ್ಪತ್ತು ರಾತ್ರಿ ಬಿಟ್ಟುಕೊಡೋರು ಯಾರಾದ್ರೂ ಗೊತ್ತಿದ್ರೆ ತಿಳಿಸಿ.

ತೆಂಗಿನತೋಪು

ಗುರು, ಬೇಜಾರಾಗ್ಬೇಡ. ಅರ್ಸೀಕೆರೆಯಿಂದ ಬರೀತಿದೀನಿ, ತೇಲಿಸಿ ಮಾತಾಡೋ ಅಭ್ಯಾಸ ಇಲ್ಲ.

ನೀನು ಹೇಳೋದು 1968ರ ಅಮೆರಿಕ. ಅಲ್ಲಿ ಆಗ ಕಾರಲ್ಲಿ ಕೂತು ನೋಡೋ ಬಯಲು ಟಾಕೀಸು ಊರಿಗೊಂದು. ದೆವ್ವದ ಸಿನಿಮಾ ಅಂದ್ರೆ ಹೆಸರಿಲ್ಲದ ನಟರಿದ್ರೂ ಜನ ಬರೋರು. ಇಲ್ಲಿ ಹೆಸರಿಲ್ಲದ ಸಿನಿಮಾಗೆ ಬೆಳಗ್ಗೆ ಹತ್ತು ಗಂಟೆ ಶೋ ಕೊಡ್ತಾರೆ, ಆ ಹೊತ್ತಲ್ಲಿ ದೆವ್ವಾನೇ ಮಲಗಿರ್ತದೆ. ಥಿಯೇಟರಿಗೆ ಡಿಜಿಟಲ್ ಆಗಿ ಸಿನಿಮಾ ಕಳಿಸೋ ಕ್ಯೂಬ್, ಯುಎಫ್‌ಒ ಕಂಪನಿಗಳ ಫೀಸು ಮೊದಲೇ ಕಟ್ಟಬೇಕು, ಪೋಸ್ಟರ್ ಖರ್ಚು ನಿಂದೇ. ಮೂರನೇ ದಿನ ಶುಕ್ರವಾರದ ದೊಡ್ಡ ಸಿನಿಮಾಗೆ ಪರದೆ ಸಾಲ್ದು ಅಂತ ನಿನ್ನದನ್ನ ಎತ್ತಿಬಿಡ್ತಾರೆ.

ಮತ್ತೆ ಸೆನ್ಸಾರು. ರಕ್ತ ಜಾಸ್ತಿ ಆದ್ರೆ ಎ ಸರ್ಟಿಫಿಕೇಟು. ಎ ಸಿಕ್ಕಿದ ಸಿನಿಮಾನ ಟಿವೀಲಿ ಹಾಕೋ ಹಾಗಿಲ್ಲ. ಟಿವಿ ಹಕ್ಕು ಹೋಯ್ತು ಅಂದ್ರೆ ಅರ್ಧ ಲೆಕ್ಕ ಹೋಯ್ತು. 2024ರಿಂದ ಯುಎ (ದೊಡ್ಡವರ ಜೊತೆ ಮಕ್ಕಳೂ ನೋಡಬಹುದಾದ್ದು) ಅನ್ನೋದನ್ನ ವಯಸ್ಸಿನ ಮೇಲೆ 7, 13, 16 ಅಂತ ಮೂರು ಭಾಗ ಮಾಡಿದಾರೆ, ಅದ್ರಲ್ಲಿ 16ರ ಒಳಗೆ ಹೇಗಾದ್ರೂ ತೂರಿಸ್ಬೇಕು. ನಾಯಿ ಬೊಗಳೋ ಸೀನ್ ಇಟ್ರೂ ಪ್ರಾಣಿ ಕಲ್ಯಾಣ ಮಂಡಳಿ ಪತ್ರ ಬೇಕು. ದೆವ್ವದ ಸಿನಿಮಾದಲ್ಲಿ ನಾಯಿ ಇಲ್ದೆ ಇರ್ತದಾ?

ನನ್ನ ಮಾತು ಕೇಳಿದ್ರೆ ಸಿನಿಮಾ ಮಾಡು, ಆದ್ರೆ ಅದ್ರಲ್ಲಿ ಹೊಟ್ಟೆ ಹೊರೀತೀನಿ ಅಂತ ಮದುವೆ ಆರ್ಡರ್ ಬಿಡ್ಬೇಡ.

ಮೂಡಿಗೆರೆ_ಮಳೆ

ತೆಂಗಿನತೋಪು ಹೇಳಿದ್ದು ಸುಳ್ಳಲ್ಲ ಮಾರಾಯ್ರೆ. ಆದ್ರೆ ರೊಮೆರೋಗೂ ಅದೇ ಆಯ್ತಲ್ಲ, ಹಿನ್ನೀರಿನವರು ಆ ಭಾಗ ಬರೀಲೇ ಇಲ್ಲ. ಮೊದಲ ಸಿನಿಮಾ ಆದ್ಮೇಲೆ ಎಂತ ಆಯ್ತು ಅನ್ನೋದೇ ನಿಜವಾದ ಕತೆ.

ಮೊದಲನೇದು ಗೆದ್ದ ಮೇಲೆ ಅವರು ಎರಡನೇದಕ್ಕೆ ದೆವ್ವ ಮುಟ್ಟಲಿಲ್ಲ. 1971ರಲ್ಲಿ ಒಂದು ಪ್ರೇಮಕತೆ, ಆಮೇಲೆ ಮಾಟಮಂತ್ರಕ್ಕೆ ಒಲಿಯೋ ಗೃಹಿಣಿಯ ಕತೆ, 1973ರಲ್ಲಿ ಊರಿಗೆ ಊರೇ ಹುಚ್ಚು ಹಿಡಿಯೋ ಕತೆ. ಮೂರೂ ತೋಪು. ಸಾಲ. ಆಗ ರಿಚರ್ಡ್ ರೂಬಿನ್‌ಸ್ಟೀನ್ ಅನ್ನೋರ ಜೊತೆ ಸೇರಿ ಟಿವಿಗೆ ಆಟಗಾರರ ಬಗ್ಗೆ ಸಾಕ್ಷ್ಯಚಿತ್ರ ಮಾಡಿ ಅನ್ನ ತಿಂದ್ರು. ಹತ್ತು ವರ್ಷ ಅಂದ್ರೆ ಸುಮ್ನೆ ಅಲ್ಲ. 1968ರಿಂದ 1978ರ ತನಕ ಮನುಷ್ಯ ಪಿಟ್ಸ್‌ಬರ್ಗ್‌ನಲ್ಲೇ ಕೂತು ಕಾದ.

ಆ ನಡುವೆ ಮಾಡಿದ 'ಮಾರ್ಟಿನ್' ನನಗೆ ಎಲ್ಲಕ್ಕಿಂತ ಇಷ್ಟ. ಅವರಿಗೂ ತಮ್ಮದರಲ್ಲಿ ಅದೇ ಇಷ್ಟವಂತೆ. ಬ್ರಾಡಕ್ ಅನ್ನೋ ಊರು, ಉಕ್ಕಿನ ಕಾರ್ಖಾನೆ ನೆಲಕಚ್ಚಿ ಅಂಗಡಿ ಬಾಗಿಲು ಹಾಕಿರೋ ಬೀದಿಗಳು. ಅಲ್ಲೊಬ್ಬ ಹುಡುಗ, ತಾನು ರಕ್ತಪಿಶಾಚಿ ಅಂತ ಅವನಿಗೆ ಅನುಮಾನ. ಕೋರೆಹಲ್ಲು ಇಲ್ಲ, ಬ್ಲೇಡು ಇಟ್ಕೊಂಡು ಓಡಾಡ್ತಾನೆ. ಹೌದೋ ಅಲ್ವೋ ಅಂತ ಕೊನೆವರೆಗೂ ಹೇಳೋದಿಲ್ಲ. ಊರೇ ಸಾಯ್ತಾ ಇರುವಾಗ ದೆವ್ವ ಬೇರೆ ಯಾಕೆ ಬೇಕು ಅನ್ನಿಸ್ತದೆ ನೋಡ್ತಾ ನೋಡ್ತಾ.

1978ರ 'ಡಾನ್ ಆಫ್ ದ ಡೆಡ್' ಬಗ್ಗೆ ಗೊತ್ತಿರಬಹುದು. ಊರ ಹತ್ರದ ಮನ್ರೋವಿಲ್ ಮಾಲ್‌ನಲ್ಲಿ ಅಂಗಡಿ ಮುಚ್ಚಿದ ಮೇಲೆ ರಾತ್ರಿಯಿಡೀ ಶೂಟಿಂಗು, ಬೆಳಗಾಗೋದರೊಳಗೆ ಒರೆಸಿ ಗುಡಿಸಿ ಖಾಲಿ ಮಾಡೋದು. ಕ್ರಿಸ್‌ಮಸ್ ಬಂತು ಅಂತ ಮಾಲ್‌ನವರು ಅಲಂಕಾರ ಮಾಡಿದಾಗ ಅದನ್ನ ಕಿತ್ತು ಕಟ್ಟೋ ತಾಪತ್ರಯ ಬೇಡ ಅಂತ ಶೂಟಿಂಗೇ ನಿಲ್ಲಿಸಿ ಬೇರೆ ಕೆಲಸ ಮಾಡ್ಕೊಂಡಿದ್ರು. ದುಡ್ಡಿನ ಒಂದು ಪಾಲು ಇಟಲಿಯ ನಿರ್ದೇಶಕ ದಾರಿಯೋ ಅರ್ಜೆಂತೋ ಕಡೆಯಿಂದ ಬಂತು, ಬದಲಿಗೆ ಇಂಗ್ಲಿಷ್ ಮಾತಾಡದ ದೇಶಗಳ ಹಕ್ಕು ಅವರಿಗೆ. ಸೆನ್ಸಾರಿನ ಕತ್ತರಿಗೆ ಒಪ್ಪದೆ ರೇಟಿಂಗೇ ಇಲ್ಲದೆ ಬಿಡುಗಡೆ ಮಾಡಿದ್ರು, ಗೆದ್ದರು. 1985ರಲ್ಲಿ ಮೂರನೇ ಭಾಗಕ್ಕೂ ಅದೇ ಹಟ ಹಿಡಿದಾಗ ಬಜೆಟ್ ಅರ್ಧಕ್ಕೆ ಇಳೀತು. ಬರೆದ ಕತೆ ಹರಿದು ಚಿಕ್ಕದು ಬರ್ಕೊಂಡ್ರು, ಆದ್ರೆ ಕತ್ತರಿಗೆ ಮಾತ್ರ ಬಗ್ಗಲಿಲ್ಲ. ಅದನ್ನ ತೆಗೆದದ್ದು ಪಿಟ್ಸ್‌ಬರ್ಗ್ ಕಡೆಯದೇ ಒಂದು ಸುಣ್ಣಕಲ್ಲಿನ ಗಣಿಯೊಳಗೆ.

ಇನ್ನು ರಕ್ತದ ವಿಷಯ. ಚಾಕೊಲೇಟ್ ಸಿರಪ್ ಓದಿ ನಗು ಬಂತು. ನಾವು ಕಾಲೇಜಲ್ಲಿದ್ದಾಗ ಕೊಟ್ಟಿಗೆಹಾರದ ಹತ್ರ ಒಂದು ಕಿರುಚಿತ್ರ ಮಾಡಿದ್ವಿ. ರಕ್ತಕ್ಕೆ ಜೋನಿಬೆಲ್ಲ, ಅದಕ್ಕೆ ಜಿಲೇಬಿ ಬಣ್ಣ. ನೋಡೋಕೆ ಎಂತಾ ಚಂದ ಬಂತು ಅಂತೀರಿ, ಗಟ್ಟಿಯಾಗಿ, ನಿಧಾನಕ್ಕೆ ಇಳಿಯೋದು, ಹೆಪ್ಪುಗಟ್ಟಿದ ಹಾಗೇ. ಹೆಣದ ಪಾತ್ರದವನನ್ನ ಕಾಫಿ ಗಿಡದ ಬುಡದಲ್ಲಿ ಮಲಗಿಸಿ ಕುತ್ತಿಗೆಗೆ ಸುರಿದ್ವಿ. ಲೈಟ್ ಸರಿ ಮಾಡ್ತಾ ಹತ್ತು ನಿಮಿಷ ಆಯ್ತು. ಗಿಡದಲ್ಲಿ ಚಗಳಿ (ಕಚ್ಚೋ ಕೆಂಪಿರುವೆ) ಗೂಡಿತ್ತು, ನಾವು ನೋಡಿರಲಿಲ್ಲ. "ಆಕ್ಷನ್" ಅನ್ನೋ ಮೊದಲೇ ಹೆಣ ಎದ್ದು ಅಂಗಿ ಕಿತ್ತೆಸೆದು ತೋಟದೊಳಗೆ ಓಡಿತು. ಕ್ಯಾಮರಾ ಆನ್ ಇತ್ತು. ಇಡೀ ಚಿತ್ರದಲ್ಲಿ ಜನ ಹೆದರಿದ್ದು ಅದೊಂದೇ ಸೀನಿಗೆ.

ಹಿನ್ನೀರು_ಹಾಸನ

ಸಾರ್ 😂 ಜೋನಿಬೆಲ್ಲ ಪಟ್ಟಿಯಿಂದ ಹೊಡೆದು ಹಾಕಿದೆ.

ಮೂರು ತೋಪಾದ ವಿಷಯ ಗೊತ್ತಿತ್ತು, ಬೇಕು ಅಂತಾನೇ ಬರೀಲಿಲ್ಲ. ನನಗೇ ಧೈರ್ಯ ಹೇಳ್ಕೋಬೇಕಿತ್ತು.

ಬಿಎಂರೋಡ್_ಬಸ್ಸು

ಶೆಟ್ಟಿಹಳ್ಳಿ ಚರ್ಚ್ ಇರುವಾಗ ಮನೆ ಯಾಕೆ ಬ್ರೋ? 1860ರ ದಶಕದ ಕಟ್ಟಡ, ಸುತ್ತ ಹೇಮಾವತಿ ನೀರು, ಮಳೆಗಾಲದಲ್ಲಿ ಅರ್ಧ ಮುಳುಗಿರ್ತದೆ. ರೆಡಿಮೇಡ್ ದೆವ್ವದ ಸೆಟ್ಟು.

ಹಿನ್ನೀರು_ಹಾಸನ

ನಾನೇ ಅಲ್ಲಿ ಲೆಕ್ಕ ಇಲ್ಲದಷ್ಟು ಪ್ರೀ ವೆಡ್ಡಿಂಗ್ ತೆಗೆದಿದೀನಿ. ಆ ಕಮಾನು ಕಂಡ ತಕ್ಷಣ ಜನಕ್ಕೆ ನೆನಪಾಗೋದು ಉದ್ದ ಗೌನು, ಡ್ರೋನು, ಹೊಗೆ ಬಾಂಬು. ಯಾರೂ ಹೆದರಲ್ಲ. ಹೆದರಿದ್ರೆ ನನ್ನ ರೇಟಿಗೆ ಹೆದರ್ತಾರೆ ಅಷ್ಟೆ.

ಗೊರೂರು_ಗೇಟು

ಎಲ್ಲರೂ ಒಂದು ಮುಖ್ಯ ವಿಷಯ ಬಿಟ್ಟಿದೀರಿ. ಅಷ್ಟೆಲ್ಲ ಗೆದ್ದ ಮೊದಲ ಸಿನಿಮಾದಿಂದ ರೊಮೆರೋಗೆ ಎಷ್ಟು ದುಡ್ಡು ಬಂತು? ಬರಬೇಕಾದ್ದರಲ್ಲಿ ಚೂರು ಪಾಲು. ಕಾರಣ ಒಂದು ಸಾಲು.

ಚಿತ್ರಕ್ಕೆ ಮೊದಲು ಇಟ್ಟ ಹೆಸರು ಬೇರೆ. ಹಂಚಿಕೆದಾರರು ಹೆಸರು ಬದಲಾಯಿಸಿದ್ರು. ಹಳೇ ಟೈಟಲ್ ಕಾರ್ಡಿನಲ್ಲಿದ್ದ ಹಕ್ಕುಸ್ವಾಮ್ಯದ ಸಾಲು ಹೊಸ ಕಾರ್ಡಿಗೆ ಬರಲೇ ಇಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲಿಲ್ಲದೆ ಪ್ರಕಟ ಆದ್ರೆ ಮುಗೀತು, ಅದು ಊರ ಸ್ವತ್ತು. ಯಾರು ಬೇಕಾದ್ರೂ ಪ್ರಿಂಟ್ ಹಾಕಬಹುದು, ಕ್ಯಾಸೆಟ್ ಮಾರಬಹುದು. ಮಾರಿದ್ರು. 1990ರಲ್ಲಿ ಅದೇ ಕತೆಯನ್ನ ಬಣ್ಣದಲ್ಲಿ ಮತ್ತೆ ತೆಗೆಸಿದ್ದಕ್ಕೆ ಇದೂ ಒಂದು ಕಾರಣ, ಕೈ ತಪ್ಪಿದ್ದನ್ನ ಒಂದಿಷ್ಟಾದ್ರೂ ವಾಪಸ್ ಹಿಡಿಯೋಣ ಅಂತ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ನನಗೂ ಹೀಗೇ ಆಗಿದೆ. ನಾಲ್ಕು ವರ್ಷದ ಹಿಂದೆ ನಲವತ್ತು ನಿಮಿಷದ ಥ್ರಿಲ್ಲರ್ ಮಾಡಿದ್ದೆ, ಅಪ್ಪನ ಹತ್ರ ಬೈಕಿಗೆ ಅಂತ ಇಸ್ಕೊಂಡ ದುಡ್ಡಲ್ಲಿ. ಒಂದು ಯೂಟ್ಯೂಬ್ ಚಾನೆಲ್‌ನವರು ಫೋನ್ ಮಾಡಿ "ತುಂಬಾ ಚೆನ್ನಾಗಿದೆ, ನಮ್ಮಲ್ಲಿ ಹಾಕ್ತೀವಿ" ಅಂದ್ರು. ಹೊಗಳಿಕೆಗೆ ಕರಗಿದೆ. ಒಂದೇ ಹಾಳೆ ಒಪ್ಪಂದ, ಮೊಬೈಲಲ್ಲೇ ಸಹಿ. ಅದರಲ್ಲಿ "ಸಮಸ್ತ ಹಕ್ಕುಗಳನ್ನು ಶಾಶ್ವತವಾಗಿ, ಜಗತ್ತಿನಾದ್ಯಂತ" ಅಂತ ಇತ್ತು. ಓದಿದೆ. ಓದಿಯೂ ಸಹಿ ಹಾಕಿದೆ, ಅದೇ ನನಗೆ ಇವತ್ತಿಗೂ ಅರ್ಥ ಆಗದ್ದು. ಈಗ ಅದು ಹಿಂದಿಗೆ ಡಬ್ ಆಗಿ ಓಡ್ತಿದೆ. ನನ್ನ ಚಿತ್ರವನ್ನ ನನ್ನದೇ ಪುಟದಲ್ಲಿ ಹಾಕಿದ್ರೆ ಯೂಟ್ಯೂಬ್‌ನಿಂದ ನನಗೇ ಹಕ್ಕುಸ್ವಾಮ್ಯದ ಸ್ಟ್ರೈಕ್ ಬರುತ್ತೆ.

ಕೋರ್ಟ್_ಹಿಂದಿನ_ಕ್ಯಾಂಟೀನ್

ವಕೀಲಿಕೆ ಮಾಡ್ತೀನಿ, ಸಿನಿಮಾ ಕೇಸು ಕಡಿಮೆ, ಜಮೀನು ಕೇಸೇ ಜಾಸ್ತಿ. ಆದ್ರೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು.

ರೊಮೆರೋ ಥರದ ಪೆಟ್ಟು ನಮ್ಮಲ್ಲಿ ಆಗಲ್ಲ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಕ್ಕು ಹುಟ್ಟೋಕೆ ಆ ಸಾಲೂ ಬೇಡ, ನೋಂದಣಿಯೂ ಬೇಡ. ಅಮೆರಿಕದಲ್ಲೂ 1989ರ ಮಾರ್ಚ್‌ನಿಂದ ಆ ನಿಯಮ ಹೋಯ್ತು. ಸಿನಿಮಾದ ಹಕ್ಕು ಇಲ್ಲಿ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ.

ಆದ್ರೆ ನಮ್ಮಲ್ಲಿ ಬೇರೆ ಗುಂಡಿ ಇದೆ. ಕಾಯ್ದೆ ಪ್ರಕಾರ ಸಿನಿಮಾದ 'ಕರ್ತೃ' ನಿರ್ಮಾಪಕ, ನಿರ್ದೇಶಕ ಅಲ್ಲ. ನೀವು ಇಪ್ಪತ್ತು ರಾತ್ರಿ ನಿದ್ದೆಗೆಟ್ಟು ತೆಗೆದ್ರೂ ದುಡ್ಡು ಹಾಕಿದ ಭಾವನ ಹೆಸರು ನಿರ್ಮಾಪಕ ಅಂತ ಬಂದ್ರೆ ಚಿತ್ರ ಭಾವಂದು. ಕತೆ ಚಿತ್ರಕತೆ ಮಾತ್ರ ಬರೆದವರದ್ದು, ಅದೂ ನೀವು ಬರೆದುಕೊಡದೆ ಇದ್ರೆ. ಹಾಗಾಗಿ ಹತ್ತು ಜನ ಚೀಟಿ ಥರ ದುಡ್ಡು ಹಾಕೋದಾದ್ರೆ ಮೊದಲು ಪಾಲುದಾರಿಕೆ ಪತ್ರ ಆಗಲಿ. ಯಾರ ಪಾಲೆಷ್ಟು, ನಷ್ಟ ಆದ್ರೆ ಯಾರು, ಒಬ್ಬರು ಮಧ್ಯದಲ್ಲಿ ಬಿಟ್ಟು ಹೋದ್ರೆ ಏನು. ಸ್ನೇಹ ಇದ್ದಾಗಲೇ ಬರ್ಕೋಬೇಕು, ಜಗಳ ಬಂದ ಮೇಲೆ ಯಾರೂ ಪೆನ್ನು ಕೊಡಲ್ಲ.

ಗೊರೂರಿನವರ ಹಾಳೆಯಲ್ಲಿ ಶಾಶ್ವತ ಅಂತ ಸ್ಪಷ್ಟವಾಗಿ ಬರೆದಿದಾರೆ, ಅದು ಕಷ್ಟ. ಒಂದು ವೇಳೆ ಅವಧಿ ಬರೆದೇ ಇಲ್ಲ ಅಂದಿದ್ರೆ ಕಾಯ್ದೆ ಅದನ್ನ 5 ವರ್ಷ ಅಂತ ಓದುತ್ತೆ, ಪ್ರದೇಶ ಬರೆದಿಲ್ಲ ಅಂದ್ರೆ ಭಾರತ ಮಾತ್ರ. ಹಕ್ಕು ತಗೊಂಡವರು ಒಂದು ವರ್ಷದೊಳಗೆ ಬಳಸದೇ ಇದ್ರೆ ಬಳಸದ ಹಕ್ಕು ಬಿದ್ದುಹೋಗುತ್ತೆ, ಒಪ್ಪಂದದಲ್ಲಿ ಬೇರೆ ಥರ ಬರೆದಿರದಿದ್ರೆ. ಪತ್ರ ತಗೊಂಡು ಒಮ್ಮೆ ಬನ್ನಿ, ಡಬ್ಬಿಂಗ್ ವಿಷಯ ನೋಡೋಣ. ಫೀಸು ಬೇಡ, ಕ್ಯಾಂಟೀನಿನಲ್ಲಿ ಸೆಟ್ ದೋಸೆ ಕೊಡಿಸಿ.

ತೆಂಗಿನತೋಪು

ವಕೀಲ್ರು ಫೀಸು ಬೇಡ ಅಂದ್ರು! ಇದಕ್ಕಿಂತ ಹಾರರ್ ಇಲ್ಲ.

ಸೌಂಡ್_ಪೆಟ್ಟಿಗೆ

ನಾನು ಚನ್ನರಾಯಪಟ್ಟಣದವನು, ಬೆಂಗಳೂರಿನ ಸ್ಟುಡಿಯೋದಲ್ಲಿ ಶಬ್ದದ ಕೆಲಸ ಮಾಡ್ತೀನಿ. ಎಲ್ಲರೂ ರಕ್ತ, ಮನೆ, ಕ್ಯಾಮರಾ ಅಂತೀರಿ, ಕಿವಿ ಬಗ್ಗೆ ಒಬ್ಬರೂ ಇಲ್ಲ.

ಜಾನ್ ಕಾರ್ಪೆಂಟರ್ 1978ರಲ್ಲಿ 'ಹ್ಯಾಲೋವೀನ್' ಮಾಡಿದಾಗ ಬಜೆಟ್ ಮೂರು ಲಕ್ಷ ಡಾಲರ್ ಆಸುಪಾಸು. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಸಿಕ್ಕ ಒಬ್ಬ ಟಿವಿ ನಟನ ಮುಖದ್ದು, ಬಿಳಿ ಬಣ್ಣ ಬಳಿದು ಕಣ್ಣಿನ ತೂತು ಅಗಲ ಮಾಡಿದ್ದು. ಸಂಗೀತ ಸೇರಿಸದ ಪ್ರತಿಯನ್ನ ದೊಡ್ಡ ಕಂಪನಿಯೊಂದರ ಅಧಿಕಾರಿಗೆ ತೋರಿಸಿದ್ರೆ ಆಕೆ ಹೆದರಲೇ ಇಲ್ಲವಂತೆ. ಇವರು ಹೋಗಿ ತಾವೇ ಕೀಬೋರ್ಡ್ ಮುಂದೆ ಕೂತು ಐದು ಮಾತ್ರೆಯ ತಾಳದಲ್ಲಿ ಆ ಸ್ವರ ಹಾಕಿದ್ರು. ಚಿಕ್ಕಂದಿನಲ್ಲಿ ಅಪ್ಪ ಬೊಂಗೋ ಮೇಲೆ ಕಲಿಸಿದ ತಾಳ ಅದು. ನಮ್ಮ ಕಡೆಯವರಿಗೆ ಐದು ಅಂದ್ರೆ ಖಂಡ, ತಕ ತಕಿಟ, ಹೊಸದೇನಲ್ಲ. ನಾಲ್ಕಕ್ಕೆ ಕಾಯೋ ಕಿವಿಗೆ ಒಂದು ಹೆಜ್ಜೆ ಹೆಚ್ಚು ಸಿಕ್ಕಿದ್ರೆ ಎಲ್ಲೋ ಏನೋ ಸರಿ ಇಲ್ಲ ಅನ್ನಿಸೋಕೆ ಶುರುವಾಗುತ್ತೆ.

ಹಿನ್ನೀರು ಅವರೇ, ನಿಮ್ಮ ಮೂರನೇ ಕಿರುಚಿತ್ರ ನೋಡಿದೆ. ಬಾವಿ ಹತ್ರದ ಸೀನು ಚೆನ್ನಾಗಿದೆ, ಆದ್ರೆ ಜೀರುಂಡೆ ಕೇಳಿಸ್ಕೊಳ್ಳಿ. ಹುಡುಗಿ ಮುಖ ತೋರಿಸುವಾಗ ಜೀರುಂಡೆ ಕಿವಿಗಡಚಿಕ್ತಿದೆ, ಬಾವಿ ತೋರಿಸಿದಾಗ ಇಲ್ಲ, ಮತ್ತೆ ಮುಖಕ್ಕೆ ಬಂದ್ರೆ ಇದೆ. ಅಂದ್ರೆ ಮುಖ ಸಂಜೆ ಆರೂವರೆಗೆ ತೆಗೆದದ್ದು, ಬಾವಿ ರಾತ್ರಿ ಹತ್ತಕ್ಕೆ. ನೋಡುವವನಿಗೆ ಯಾಕೆ ಅಂತ ಗೊತ್ತಾಗಲ್ಲ, ಆದ್ರೆ ಇದು ಸುಳ್ಳು ಅಂತ ಅವನ ಒಳಗೆ ಗೊತ್ತಾಗುತ್ತೆ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಎರಡು ನಿಮಿಷ ಖಾಲಿ ಶಬ್ದ ರೆಕಾರ್ಡ್ ಮಾಡಿ. ಫ್ರಿಜ್ ಆಫ್ ಮಾಡಿ. ಮಳೆ ಬಂದ್ರೆ ಹೆಂಚಿನ ಕೆಳಗೆ ಒಮ್ಮೆ, ಜಿಂಕ್ ಶೀಟ್ ಕೆಳಗೆ ಒಮ್ಮೆ, ಅಡಿಕೆ ಹಾಳೆ ಮೇಲೆ ಬೀಳೋದನ್ನ ಒಮ್ಮೆ ಬೇರೆ ಬೇರೆ ಹಿಡಿದಿಡಿ. ಆಮೇಲೆ ಆ ಜೀರುಂಡೆಯನ್ನ ಬೇಕಾದ ಕಡೆ ಬೇಕು ಅಂತಲೇ ನಿಲ್ಲಿಸಿ ನೋಡಿ. ತೋಟದಲ್ಲಿ ಮಲಗಿದವರಿಗೆಲ್ಲ ಗೊತ್ತು, ಅದು ತಟ್ಟನೆ ನಿಂತಿತು ಅಂದ್ರೆ ಯಾರೋ ಬರ್ತಿದಾರೆ ಅಂತ. ಅದಕ್ಕಿಂತ ದೊಡ್ಡ ಸಂಗೀತ ನಿರ್ದೇಶಕ ಬೇಕಾ?

ಹಿನ್ನೀರು_ಹಾಸನ

ಅಯ್ಯೋ ಸಾರ್, ಆರೂವರೆ ಮತ್ತು ಹತ್ತು, ಎರಡೂ ಸರಿಯಾಗಿ ಹೇಳಿದ್ರಿ. ನಿಮ್ಮ ಕಿವಿಗೆ ದೃಷ್ಟಿ ತೆಗೀಬೇಕು.

ಕಾಫಿಹೂವು

ಸಕಲೇಶಪುರದಿಂದ. ನಾಟಕದಲ್ಲಿ ಪಾರ್ಟು ಮಾಡ್ತೀನಿ, ಎರಡು ಕಿರುಚಿತ್ರದಲ್ಲೂ ಮಾಡಿದೀನಿ. ಎರಡರಲ್ಲೂ ನಾನೇ ದೆವ್ವ ಅಂತ ಬೇರೆ ಹೇಳಬೇಕಾಗಿಲ್ಲ ತಾನೇ? ಬಿಳಿ ಸೀರೆ, ಕೂದಲು ಬಿಟ್ಟು, ಕಾಡಿಗೆ ಕೆನ್ನೆಗಿಳಿಸಿ. ಒಂದರಲ್ಲಿ ಡಿಸೆಂಬರ್ ರಾತ್ರಿ ಎರಡು ಗಂಟೆಗೆ ಕೆರೆ ನೀರಲ್ಲಿ ನಿಲ್ಲಿಸಿದ್ರು. ಡೈರೆಕ್ಟರು ಜರ್ಕಿನ್ ಹಾಕ್ಕೊಂಡು ದಡದಲ್ಲಿ "ಮೇಡಂ, ನಡುಗಬೇಡಿ, ದೆವ್ವ ನಡುಗಲ್ಲ" ಅಂತಿದ್ರು. ಹಿನ್ನೀರಿನವರು ಇದನ್ನ ಓದಿ ನೆನಪಿಟ್ಕೊಳ್ಳಿ, ಫ್ಲಾಸ್ಕು, ಟವೆಲ್ಲು, ಬಟ್ಟೆ ಬದಲಾಯಿಸೋಕೆ ಬಾಗಿಲಿರೋ ಒಂದು ಕೋಣೆ ಬಜೆಟ್‌ನಲ್ಲಿ ಮೊದಲು ಬರೀಬೇಕು.

ಮೂಡಿಗೆರೆಯವರು ಹೇಳಿದ ಬ್ರಾಡಕ್ ಊರಿನ ಮಾತು ಮನಸ್ಸಿಗೆ ಹಿಡೀತು. ನಮ್ಮ ಹೆದರಿಕೆ ಯಾವುದು ಅಂತ ನಾವು ಕೇಳ್ಕೊಂಡೇ ಇಲ್ಲ. ನಮ್ಮಜ್ಜಿ ಕಾಲಕ್ಕೆ ಗದ್ದೆಯಂಚಲ್ಲಿ ಕೊಳ್ಳಿದೆವ್ವ, ಮಾವಿನ ಮರದ ಚೌಡಿ. ಬಾಗಿಲ ಮೇಲೆ 'ನಾಳೆ ಬಾ' ಬರೆದದ್ದು ನಾವೂ ನೋಡಿದೀವಿ. ಆದ್ರೆ ಈಗ ಸಂಜೆ ಆರು ಗಂಟೆಗೆ ನಮ್ಮ ಅಮ್ಮ ಗೇಟಿನ ಹತ್ರ ನಿಂತು ನನ್ನ ಸ್ಕೂಟಿ ಶಬ್ದಕ್ಕೆ ಕಾಯೋದು ದೆವ್ವಕ್ಕೆ ಹೆದರಿ ಅಲ್ಲ. ಆನೆ. ವಾಟ್ಸಾಪ್ ಗ್ರೂಪಲ್ಲಿ ಒಂದು ಸಾಲು ಬರುತ್ತೆ, "ಒಂಟಿ ಸಲಗ, ಲೈನ್ ಮನೆ ಹಿಂದಿನ ತೋಟ." ಆಮೇಲೆ ಎಲ್ಲರ ಮನೆ ಲೈಟು ಒಂದೊಂದಾಗಿ ಹೊರಗೆ ಹತ್ತುತ್ತೆ, ಒಳಗೆ ಯಾರೂ ಮಾತಾಡಲ್ಲ. ಅಷ್ಟು ದೊಡ್ಡ ಪ್ರಾಣಿ, ಕಾಫಿ ಗಿಡದ ನಡುವೆ ನಿಂತ್ರೆ ಕಾಣಲ್ಲ ಕಣ್ರೀ! ಬಿದಿರು ಮುರಿದ ಸದ್ದು ಕೇಳುತ್ತೆ, ಹತ್ತಿರವೋ ದೂರವೋ ಗೊತ್ತಾಗಲ್ಲ. ನನ್ನ ಜೊತೆ ಓದಿದವಳ ಅಪ್ಪ ಹೋದದ್ದೂ ಹಾಗೇ, ಬೆಳಗ್ಗೆ ಹಾಲು ಹಾಕೋಕೆ ಹೋದವರು. ಅದಕ್ಕೇ ಇದನ್ನ ಆಟದ ಥರ ತೆಗೀಬೇಡಿ. ಆನೆಯನ್ನ ವಿಲನ್ ಮಾಡಿದ್ರೆ ನಾನೇ ಮೊದಲು ಬೈಯೋದು. ಕಾಣಿಸಲೇಬೇಡಿ. ಆ ಮನೆಯೊಳಗೆ ಕೂತವರನ್ನ ತೋರಿಸಿ. ಆ ಹತ್ತು ಜನರ ಸಿನಿಮಾದಲ್ಲೂ ಹೊರಗಿನ ಹೆಣಕ್ಕಿಂತ ಮನೆಯೊಳಗೆ ಬಾಗಿಲು ಹಾಕ್ಕೊಂಡು ಕಚ್ಚಾಡ್ತಾರಲ್ಲ, ನೆಲಮಾಳಿಗೆಗೆ ಇಳಿಯೋದಾ ಮೇಲೇ ಇರೋದಾ ಅಂತ, ಅದೇ ಅಲ್ವಾ ಜೀವ?

ಮೂಡಿಗೆರೆ_ಮಳೆ

ಭೇಷ್ ಕಾಫಿಹೂವು. ಇದಕ್ಕೆ ಒಂದು ಸೇರಿಸ್ತೇನೆ. ಆ ಕಚ್ಚಾಟದಲ್ಲಿ ನಾಯಕನ ಪಾತ್ರ ಮಾಡಿದ ಡುವೇನ್ ಜೋನ್ಸ್ ಕಪ್ಪು ಜನಾಂಗದವರು. ಪಾತ್ರವನ್ನ ಆ ಲೆಕ್ಕದಲ್ಲಿ ಬರೆದಿರಲಿಲ್ಲ, ಪರೀಕ್ಷೆಗೆ ಬಂದವರಲ್ಲಿ ಚೆನ್ನಾಗಿ ಮಾಡಿದವರು ಅಂತ ತಗೊಂಡ್ರು. 1968ರಲ್ಲಿ ಅದೇ ದೊಡ್ಡ ಮಾತಾಯ್ತು. ಕೊನೆ ಬದಲಾಯಿಸಿ, ಸುಖಾಂತ ಮಾಡಿ ಅಂತ ಕೇಳಿದ ಕಂಪನಿಗೆ ಇವರು ಒಪ್ಪಲಿಲ್ಲ. ಆ ಕೊನೆ ಏನು ಅಂತ ನೋಡದವರಿಗೆ ಹೇಳೋದಿಲ್ಲ.

ನಮ್ಮಲ್ಲೂ ಹಾಗೆ ಹಟ ಹಿಡಿದವರು ಇದ್ದಾರೆ. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ 'ತರ್ಕ' ಮಾಡಿದಾಗ ಒಂದೂ ಹಾಡಿಲ್ಲ. ಆ ಕಾಲಕ್ಕೆ ಹಾಡಿಲ್ಲದ ಸಿನಿಮಾ ಅಂದ್ರೆ ಉಪ್ಪಿಲ್ಲದ ಊಟ ಅಂತಿದ್ರು. ನಾನು ಚಿಕ್ಕಮಗಳೂರಲ್ಲಿ ನೋಡಿದ್ದು. ಇಂಟರ್‌ವೆಲ್‌ನಲ್ಲಿ ಯಾರೂ ಎದ್ದು ಹೋಗಲಿಲ್ಲ, ಕಡ್ಲೆಕಾಯಿ ಮಾರೋನಿಗೆ ಆವತ್ತು ಲಾಸು.

ತೆಂಗಿನತೋಪು

ಸರಿ ಸರಿ, ನಾನೊಬ್ಬನೇ ಕೆಟ್ಟವನು ಆಗೋದು ಬೇಡ. 2013ರಲ್ಲಿ 'ಲೂಸಿಯಾ' ಜನರ ದುಡ್ಡಲ್ಲೇ ಆಯ್ತಲ್ಲ, ಅದನ್ನ ಒಪ್ಕೋತೀನಿ. ಆದ್ರೆ ಒಂದು ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೊನೆಗೆ ರೊಮೆರೋ ಊರಲ್ಲೇ ಉಳಿದನಾ?

ಮೂಡಿಗೆರೆ_ಮಳೆ

ಇಲ್ಲ. ತೊಂಬತ್ತರ ದಶಕದಲ್ಲಿ ದೊಡ್ಡ ಸ್ಟುಡಿಯೋಗಳಿಗೆ ಕತೆ ಬರೆದು ಬರೆದು ಕೊಟ್ಟರು, ಹೆಚ್ಚಿನವು ಕಾಗದದಲ್ಲೇ ಉಳಿದವು. 1993ರ ನಂತರ ಮುಂದಿನ ಸಿನಿಮಾ 2000ಕ್ಕೆ. 2005ರಲ್ಲಿ ದೊಡ್ಡ ಸ್ಟುಡಿಯೋದ ದುಡ್ಡಲ್ಲಿ ಹೆಣಗಳ ನಾಲ್ಕನೇ ಕತೆ ಮಾಡಿದ್ರು, ಅದನ್ನ ತೆಗೆದದ್ದು ಕೆನಡಾದ ಟೊರೊಂಟೋದಲ್ಲಿ. ಆಮೇಲೆ ಅಲ್ಲೇ ನೆಲೆಸಿದ್ರು. ಮಜಾ ಎಂತ ಅಂದ್ರೆ ದೊಡ್ಡ ದುಡ್ಡು ನೋಡಿದ ಮೇಲೂ 2007ರಲ್ಲಿ ಮತ್ತೆ ಚಿಕ್ಕ ತಂಡ ಕಟ್ಟಿ, ಕಾಲೇಜು ಹುಡುಗರು ಕೈಯಲ್ಲಿ ಕ್ಯಾಮರಾ ಹಿಡಿದ ಹಾಗೆ ಒಂದು ಸಿನಿಮಾ ತೆಗೆದ್ರು. ವಯಸ್ಸು ಅರವತ್ತೇಳು. 2009ರದು ಕೊನೇದು. 2017ರ ಜುಲೈ 16ಕ್ಕೆ ಟೊರೊಂಟೋದಲ್ಲೇ ತೀರಿಕೊಂಡ್ರು.

ತೆಂಗಿನತೋಪು

ನೋಡಿದ್ರಾ. ಅವನೇ ಊರು ಬಿಟ್ಟ.

ಹಿನ್ನೀರು_ಹಾಸನ

ಮೂವತ್ತೈದು ವರ್ಷ ಆದ್ಮೇಲೆ ಬಿಟ್ಟ ಅಣ್ಣ. ನನಗೆ ಅಷ್ಟು ಸಾಕು.

ಬಿಎಂರೋಡ್_ಬಸ್ಸು

ಕ್ಯಾಮರಾ ಕುಲುಕದ ಹಾಗೆ ಹಿಡಿಯೋ ಗಿಂಬಲ್ ಬಾಡಿಗೆಗೆ ದುಡ್ಡಿಲ್ಲ ಅಂದ್ರೆ ಒಂದು ಐಡಿಯಾ. ಸ್ಯಾಮ್ ರೈಮಿ 'ಈವಿಲ್ ಡೆಡ್' ಮಾಡಿದಾಗ ಉದ್ದ ಹಲಗೆ ನಡುವೆ ಕ್ಯಾಮರಾ ಬಿಗಿದು, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡ್ಕೊಂಡು ಕಾಡೊಳಗೆ ಓಡಿದ್ರಂತೆ. ಹಲಗೆ ಉದ್ದ ಇರೋದ್ರಿಂದ ಕುಲುಕಾಟ ಮಧ್ಯಕ್ಕೆ ಬರೋ ಹೊತ್ತಿಗೆ ಕಮ್ಮಿ ಆಗುತ್ತೆ. ದುಡ್ಡು ಹಾಕಿದವರಲ್ಲಿ ಹಲ್ಲಿನ ಡಾಕ್ಟರೂ ಇದ್ರು. ಹಾಸನದಲ್ಲಿ ಹಲ್ಲಿನ ಡಾಕ್ಟರಿಗೆ ಬರವಾ?

ಅಜ್ಜಿಮನೆ_ಆಲೂರು

ಮೊದಲ ಸಲ ಬರೀತಿರೋದು, ತಪ್ಪಿದ್ರೆ ಕ್ಷಮಿಸಿ. ಎಲ್ಲ ಓದಿದೆ.

ಆಲೂರು ಹತ್ತಿರ ನಮ್ಮ ಅಜ್ಜಿಮನೆ ಇದೆ. ಹೆಂಚಿನದು, ಒಳಗೆ ತೊಟ್ಟಿ, ಮೇಲೆ ಅಟ್ಟ. ಅಟ್ಟಕ್ಕೆ ಹತ್ತೋ ಏಣಿ ಮೆಟ್ಟಿಲಲ್ಲಿ ಮೂರನೇದು ಕಿರ್ ಅನ್ನುತ್ತೆ. ಹಿಂದೆ ಕಣ, ಅದರಾಚೆ ತೋಟ. ಭಾಗ ಆಗಿದೆ, ಮಾವ ಶಿವರಾತ್ರಿ ಕಳೆದ ಮೇಲೆ ಕೆಡವಿ ಆರ್‌ಸಿಸಿ ಕಟ್ಟಿಸ್ತಾರಂತೆ. ಅಲ್ಲೀವರೆಗೆ ಖಾಲಿ. ಅಜ್ಜಿ ಪಕ್ಕದ ಶೀಟ್ ಮನೆಯಲ್ಲಿದಾರೆ.

ಅಜ್ಜಿನ ಕೇಳಿದೆ. "ದೆವ್ವದ ಸಿನಿಮಾನಾ? ಆ ಮನೇಲಿ ನಾನು ಅರವತ್ತು ವರ್ಷ ಇದ್ದೆ, ನಂಗೊಂದೂ ಕಾಣಲಿಲ್ಲ, ಅವ್ರಿಗೆ ಕಂಡ್ರೆ ತೆಗೀಲಿ ಬುಡು" ಅಂದ್ರು. ದುಡ್ಡು ಬೇಡವಂತೆ. ಮೂರು ಷರತ್ತು ಇದೆ. ದೇವರ ಕೋಣೆಗೆ ಹೋಗೋ ಹಾಗಿಲ್ಲ. ಒಳಗೆ ಚಪ್ಪಲಿ ಹಾಕೋ ಹಾಗಿಲ್ಲ, ದೆವ್ವಕ್ಕೂ ಸೇರಿ. ಮನೆ ಕೆಡವೋ ಮೊದಲು ಒಂದು ಸಲ ಮನೆ ಪೂರ್ತಿ ಸುಮ್ಮನೆ ವಿಡಿಯೋ ಮಾಡಿ ಅವರಿಗೆ ಕೊಡಬೇಕು, ಅಡುಗೆಮನೆ ಒಲೆ ಮರೀಬಾರದು.

ಹಿನ್ನೀರು_ಹಾಸನ

ಅಕ್ಕ, ಓದಿ ಕೈ ನಡುಗ್ತಿದೆ. ಒಲೆಯಿಂದಲೇ ಶುರು ಮಾಡ್ತೀನಿ, ಸಿನಿಮಾ ಆಮೇಲೆ. ಈ ಭಾನುವಾರ ಮುಹೂರ್ತದ ಮದುವೆ ಇದೆ, ಮಧ್ಯಾಹ್ನ ಊಟದ ಪಂಕ್ತಿ ಮುಗಿಸಿ ಮೂರು ಗಂಟೆಗೆ ಬಂದ್ರೆ ಅಜ್ಜಿ ಮಲಗಿರ್ತಾರಾ? ಒಂದು ವಿಷಯ ತಿಳಿಸಿ, ಮನೆಗೆ ಕರೆಂಟ್ ಇನ್ನೂ ಇದೆಯಾ, ಮೀಟರ್ ಕಿತ್ತಿದಾರಾ? ಮತ್ತೆ ಆ ಮೂರನೇ ಮೆಟ್ಟಿಲನ್ನ ಯಾರೂ ಸರಿ ಮಾಡಿಸದ ಹಾಗೆ ದಯವಿಟ್ಟು ನೋಡ್ಕೊಳ್ಳಿ.

ಸೌಂಡ್_ಪೆಟ್ಟಿಗೆ

ಮೆಟ್ಟಿಲಿಗೆ ನಾನೇ ಮೈಕ್ ತರ್ತೀನಿ. ಬಸ್ಸು ಎಷ್ಟು ಗಂಟೆಗೆ?

ಕಾಫಿಹೂವು

ನಾನು ಫ್ಲಾಸ್ಕು.

ತೆಂಗಿನತೋಪು

ಅಲ್ಲಿ ನಾಯಿ ಇದೆಯಾ ಕೇಳ್ರಪ್ಪ. ಪತ್ರ ಬೇಕಾಗ್ತದೆ.